ಸ್ಪ್ರಿಂಗಿನ ಮೂರು ಸುತ್ತು

ಸರಿಯಾಗಿರುವ ವಸ್ತುವನ್ನು ಬಿಚ್ಚಿ ನೋಡಬೇಕೆಂಬ ಚಪಲಕ್ಕೆ ಪಂಡಿತರು ಜಿಜ್ಞಾಸೆ ಎಂಬ ಗೌರವದ ಹೆಸರಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಮಾತ್ರ ಅದನ್ನು ಕೈಕಡಿತ ಎನ್ನುತ್ತಿದ್ದರು. ನಾನು ಬಿಚ್ಚಿದ ಅಲಾರಂ ಗಡಿಯಾರ ಮತ್ತೆ ಕೂಡಿಕೊಂಡಿತಾದರೂ, ಒಂದು ತಿರುಪು ಹೊರಗೇ ಉಳಿದದ್ದರಿಂದ, ಅಂದಿನಿಂದ ಅದು ಕಾಲವನ್ನು ತೋರಿಸುವುದನ್ನು ಬಿಟ್ಟು ತಾನೇ ಕಾಲವಾಯಿತು. ಇಂಥ ಕೈಗಳನ್ನೇ ನಂಬಿ ಐವತ್ತರ ದಶಕದಲ್ಲಿ ರಾಜಾಜಿನಗರದ ಕಾರ್ಖಾನೆಯೊಂದು ನನಗೆ ಫಿಟ್ಟರ್ ಕೆಲಸ ಕೊಟ್ಟಿತ್ತೆಂದರೆ, ಓದುಗರೇ, ಆ ಕಾಲದ ಔದಾರ್ಯವನ್ನು ನೀವೇ ಊಹಿಸಿಕೊಳ್ಳಿ.

ನನ್ನ ಫೋರ್‌ಮನ್ ಸಿದ್ಧಲಿಂಗಪ್ಪನವರು ತುಮಕೂರು ಕಡೆಯವರು. ಮಿತಭಾಷಿ, ಅರ ಹಿಡಿದರೆ ಕಬ್ಬಿಣವೂ ಬೆಣ್ಣೆಯಾಗುವಂಥ ಕೈ. ಮಾರೇನಹಳ್ಳಿಯ ರಾಗಿ ಹೊಲಗಳಿಗೆ ಬೆನ್ನು ಕೊಟ್ಟಿದ್ದ ಹೆಂಚಿನ ಮನೆಯಲ್ಲಿ ಅವರು, ಅವರ ತಾಯಿ ಗುರವ್ವ, ತಮ್ಮ ಬಸವರಾಜು ವಾಸವಾಗಿದ್ದರು. ಬಸವರಾಜುವಿಗೆ ಬಲಗಣ್ಣಿರಲಿಲ್ಲ. ಹತ್ತನೇ ವಯಸ್ಸಿನಲ್ಲಿ ಏರ್‌ಗನ್ನಿನ ನಳಿಗೆಯೊಳಗೆ ಇಣುಕುತ್ತ ತಾನೇ ಕುದುರೆ ಎಳೆದುಕೊಂಡನಂತೆ. ಆ ಕಥೆಯನ್ನು ಗುರವ್ವ ಬಂದವರಿಗೆಲ್ಲ ಹೇಳುವರು: “ಹೇಳಿದ ಮಾತು ಕೇಳಿದ್ರೆ ಹಿಂಗಾಗ್ತಿತ್ತಾ? ತುಂಟತನ ಮಾಡಿ ಬಾಳು ಹಾಳು ಮಾಡ್ಕೊಂಡ.” ಬಸವರಾಜು ಮುಗುಳ್ನಗುತ್ತ ಕೂತಿರುತ್ತಿದ್ದ. ಅಣ್ಣ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದರು.

ಅಂಥ ಮನೆಯ ಅಟ್ಟದ ಮೇಲೆ ಒಂದು ಭಾನುವಾರ ಅದೇ ಏರ್‌ಗನ್ನು ನನ್ನ ಕಣ್ಣಿಗೆ ಬಿತ್ತು. ವಿವೇಕಿಯಾದವನು ನೋಡಿಯೂ ನೋಡದಂತಿರುತ್ತಿದ್ದ, ನಾನು ಕೇಳಿಯೇಬಿಟ್ಟೆ. “ಆ ಪೀಡೆ ಮನೆಯಿಂದ ತೊಲಗಲಿ, ಕೊಟ್ಟು ಕಳಿಸೋ” ಎಂದರು ಗುರವ್ವ. ಸಿದ್ಧಲಿಂಗಪ್ಪನವರು ಅದನ್ನು ಅಟ್ಟದಿಂದ ಇಳಿಸಿ, “ತಗೊಂಡು ಹೋಗು ಮೂರ್ತಿ. ಆದ್ರೆ ಬಿಚ್ಚಬೇಡ” ಎಂದರು. ಬೆಕ್ಕಿಗೆ ಹಾಲು ತೋರಿಸಿ ಮೂಸಬೇಡ ಎಂದ ಹಾಗಾಯಿತು.

ಅದು ಅಗ್ಗದ ಬಂದೂಕು. ಹಾರಿಸಿದರೆ ಸೀಸದ ಗುಂಡು ಮುನಿಸಿಕೊಂಡ ಅಳಿಯನಂತೆ ಹತ್ತು ಮಾರು ಹೋಗಿ ಕೂತುಬಿಡುತ್ತಿತ್ತು. ಬಿಚ್ಚಿದೆ. ಒಳಗಿನ ಸ್ಪ್ರಿಂಗಿನಲ್ಲಿ ಮೂರು ಸುತ್ತು ಕಡಿಮೆ. ಸವೆದು ಮುರಿದದ್ದಲ್ಲ, ಬೇಕೆಂದೇ ಕತ್ತರಿಸಿ ತುದಿಯನ್ನು ಅರದಿಂದ ನಯಮಾಡಿದ ಪಳಗಿದ ಕೈಯ ಕೆಲಸ. ಏಕೆ ಎಂದು ಆಗ ಕೇಳಿಕೊಳ್ಳಬೇಕಾಗಿತ್ತು. ನಾನು ಹೇಗೆ ಸರಿಮಾಡಲಿ ಎಂದಷ್ಟೇ ಯೋಚಿಸಿದೆ. ಗುಜರಿಯಲ್ಲಿ ಹುಡುಕಿ ಗಟ್ಟಿ ಸ್ಪ್ರಿಂಗೊಂದನ್ನು ತಂದೆ. ಹಳೆಯ ಬೆಲ್ಟಿನಿಂದ ತೊಗಲಿನ ವಾಷರ್ ಕತ್ತರಿಸಿ ಎರಡು ದಿನ ಹರಳೆಣ್ಣೆಯಲ್ಲಿ ನೆನೆಹಾಕಿದೆ. ಬಿದಿರು ಕಡ್ಡಿಗೆ ಎಮೆರಿ ಬಟ್ಟೆ ಸುತ್ತಿ ಕೊಳವೆಯ ಒಳಮೈಯನ್ನು ಕನ್ನಡಿಯಾಗುವಂತೆ ಉಜ್ಜಿದೆ. ನನ್ನ ಬಾಳಿನಲ್ಲಿ ಒಂದು ತಿರುಪೂ ಉಳಿಯದಂತೆ ನಾನು ಕೂಡಿಸಿದ ಮೊದಲ ಯಂತ್ರ ಅದು. ಗುರುವಿಗೆ ತೋರಿಸದೆ ಇರಲಾದೀತೆ?

ಮುಂದಿನ ಭಾನುವಾರ ಅವರ ಹಿತ್ತಿಲಿನ ಗೋಡೆಯ ಮುಂದೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯೊಂದನ್ನು ನಿಲ್ಲಿಸಿ, ಅದರ ಮುಂದೆ ಎತ್ತರದ ಸ್ಟೂಲಿನ ಮೇಲೆ ಹಾಲಿನಪುಡಿಯ ಡಬ್ಬಿ ಇಟ್ಟೆ. ಬಸವರಾಜು ಉತ್ಸಾಹದಿಂದ ಬಂದು ಹಲಗೆ ಜಾರದಂತೆ ಹಿಂದಿನಿಂದ ಹಿಡಿದುಕೊಂಡ. ಒಳಗಿನಿಂದ ಬಂದ ಸಿದ್ಧಲಿಂಗಪ್ಪನವರು ಕೂಗಿಕೊಂಡರು: “ಬಸವ! ಹಿಂದೆ ನಿಲ್ಲಬೇಡ! ಈ ಕಡೆ ಬಾ!”

“ಹಲಗೆ ಇದೆಯಲ್ಲ ಸಾರ್, ಏನಾಗುತ್ತೆ?” ಎಂದು ನಾನು ನಕ್ಕೆ.

ಅವರು ಓಡಿಹೋಗಿ ತಮ್ಮನ ತೋಳು ಹಿಡಿದು ಎಳೆದುಕೊಂಡರು. ಹಲಗೆ ಹಿಂದಕ್ಕೆ ವಾಲಿ ಹೇಗೋ ಗೋಡೆಗೆ ಒರಗಿ ನಿಂತಿತು. ನಾನು ಗುರಿಯಿಟ್ಟು ಹಾರಿಸಿದೆ. ಫಟ್ಟೆಂದು ಸದ್ದಾಗಿ ಎಣ್ಣೆಯ ಹೊಗೆ ಎದ್ದಿತು. ಡಬ್ಬಿಯಲ್ಲಿ ತೂತು, ಹಲಗೆಯಲ್ಲಿ ತೂತು, ಹಿಂದಿನ ಗೋಡೆಯ ಗಾರೆಯಲ್ಲಿ ಒಂದು ಗುಳಿ. ಬಸವರಾಜುವಿನ ಎದೆ ಇದ್ದ ಎತ್ತರದಲ್ಲೇ.

ನಾನು ಬಂದೂಕನ್ನು ನೆಲಕ್ಕಿಟ್ಟೆ. ಸಿದ್ಧಲಿಂಗಪ್ಪನವರು ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

“ಅವತ್ತು ನಾನೂ ಇದೇ ಮಾತು ಹೇಳಿದ್ದೆ ಮೂರ್ತಿ. ಹಲಗೆ ಇದೆಯಲ್ಲ, ಏನಾಗುತ್ತೆ ಅಂತ. ನಾನೂ ಹಿಂಗೇ ಹೊಸ ಸ್ಪ್ರಿಂಗ್ ಹಾಕಿದ್ದೆ. ಇವನು ಹಿಂದೆ ಬಗ್ಗಿ ಹಲಗೆ ಹಿಡ್ಕೊಂಡಿದ್ದ. ಇವನೇನೂ ನಳಿಗೆ ಒಳಗೆ ಇಣುಕಲಿಲ್ಲ. ಅಪ್ಪನಿಗೆ ಹೆದರಿ ಆ ಕಥೆ ಕಟ್ಟಿದವನು ನಾನು. ಆಮೇಲೆ ಸ್ಪ್ರಿಂಗಿನ ಮೂರು ಸುತ್ತು ಕತ್ತರಿಸಿದವನೂ ನಾನೇ.”

“ಬಿಡಣ್ಣ, ಈಗ್ಯಾಕೆ?” ಎಂದ ಬಸವರಾಜು.

“ಇಲ್ಲ ಕಣೋ. ಬಿಟ್ಟಿದ್ದು ಸಾಕು.”

ಅವರು ಹಿಂದಿರುಗಿ ನೋಡಿದರು. ಹಿತ್ತಿಲ ಬಾಗಿಲಲ್ಲಿ ಗುರವ್ವ ಮೊರ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೊರವನ್ನು ನಿಧಾನವಾಗಿ ನೆಲಕ್ಕಿಟ್ಟು ಕಿರಿಯ ಮಗನ ಹತ್ತಿರ ಬಂದರು.

“ನೀನ್ಯಾಕೋ ಹೇಳಲಿಲ್ಲ?”

“ಹೇಳಿದ್ರೆ ಅಪ್ಪ ಅಣ್ಣನ್ನ ಸಾಯ ಹೊಡೀತಿದ್ರು ಅವ್ವ. ನನಗೆ ಹೆಂಗೂ ನೋವಾಗಿತ್ತು. ಇಬ್ಬರಿಗೂ ಯಾಕೆ ಅಂತ ಸುಮ್ಮನಾದೆ.”

ಆ ತಾಯಿ ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಲ್ಲದ ಕಡೆಯನ್ನು ಬೆರಳಿನಿಂದ ಸವರುತ್ತ, “ಇಷ್ಟು ವರ್ಷ ನಿನ್ನನ್ನೇ ಬೈದೆನಲ್ಲಪ್ಪ” ಎಂದರು. ಹಿರಿಯ ಮಗನ ಕಡೆ ತಿರುಗಿಯೂ ನೋಡದೆ ಒಳಗೆ ಹೋದರು.

ನಾನು ಬಂದೂಕನ್ನು ಕಾರ್ಖಾನೆಗೆ ಒಯ್ದು ಸಿದ್ಧಲಿಂಗಪ್ಪನವರ ಎದುರಿಗೇ ಗರಗಸದಿಂದ ನಳಿಗೆಯನ್ನು ತುಂಡುಮಾಡಿದೆ. ಅವರು ನೋಡುತ್ತ ನಿಂತಿದ್ದರು.  ನಿಜ ಹೇಳಿದರೆ ಮನಸ್ಸು ಹಗುರವಾಗುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರ ಹೆಗಲು ಆ ದಿನಗಳಲ್ಲಿ ಇನ್ನಷ್ಟು ಬಾಗಿದ್ದನ್ನು ನಾನು ಕಂಡಿದ್ದೇನೆ. ಗುರವ್ವ ತಿಂಗಳುಗಟ್ಟಲೆ ಅವರಿಗೆ ಹೊತ್ತು ಹೊತ್ತಿಗೆ ಬಡಿಸುತ್ತಿದ್ದರು, ಮಾತಾಡುತ್ತಿರಲಿಲ್ಲ. ಬಂದವರಿಗೆ ಆ ಹಳೆಯ ಕಥೆಯನ್ನೂ ಹೇಳುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನನ್ನನ್ನೂ ಊಟಕ್ಕೆ ಕರೆದಿದ್ದರು. ಮೂವರೂ ಸಾಲಾಗಿ ಕೂತಿದ್ದೆವು. ಗುರವ್ವ ನನಗೆ ರೊಟ್ಟಿ ಹಾಕಿ, ಬಸವರಾಜುವಿಗೆ ಹಾಕಿ, ಹಿರಿಯ ಮಗನ ತಟ್ಟೆಯ ಮುಂದೆ ನಿಂತರು.

“ಸಿದ್ಧ, ಇನ್ನೊಂದು ಹಾಕ್ಲೇನೋ?”

ಸಿದ್ಧಲಿಂಗಪ್ಪನವರು ತಲೆ ತಗ್ಗಿಸಿ ತಟ್ಟೆಯ ಅಂಚನ್ನು ಹಿಡಿದುಕೊಂಡರು.

“ಹಾಕವ್ವ,” ಎಂದ ಬಸವರಾಜು, “ಅಣ್ಣನಿಗೆ ಹಸಿವಾಗಿದೆ.”