ಸಮುದ್ರಕ್ಕೆ ಹೊರಟವಳು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ಎದುರಿಗೆ ತಲೆಯಾಡಿಸಿ, ಮನೆಗೆ ಬಂದ ಮೇಲೆ ನಕ್ಕವನು. ದೆವ್ವ, ಮಾಟ, ಗಾಳಿ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗ ಇದೆಯೇ ಎಂದು ಕೇಳಿದರೆ ಹೌದೆನ್ನಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದಿದವರು ನಕ್ಕರೆ ನನಗೆ ಬೇಸರವಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ನಾನು ಕೊಪ್ಪದಲ್ಲಿ ಗುಮಾಸ್ತನಾಗಿದ್ದೆ. ನನ್ನ ಹೆಂಡತಿ ಗಿರಿಜೆಗೆ ಆಗಾಗ ಚಳಿಜ್ವರ ಬರುತ್ತಿತ್ತು. ಬಂದಾಗಲೆಲ್ಲ ಅವಳ ಮೈಯಿಂದ ಏನಾದರೂ ಸ್ವಲ್ಪ ಕಿತ್ತುಕೊಂಡೇ ಹೋಗುತ್ತಿತ್ತು. ಇನ್ನೊಂದು ಮಳೆಗಾಲವನ್ನು ಈ ಮೈ ತಡೆಯುವುದು ಕಷ್ಟ, ಅದಕ್ಕೆ ಮುಂಚೆ ಕೆಲವು ದಿನ ಸಮುದ್ರದ ಗಾಳಿಯಲ್ಲಿ ಇಟ್ಟು ಕರೆತನ್ನಿ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಗಿರಿಜೆ ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

ಅವಳ ತಮ್ಮ ಶಂಕರ ನರಸಿಂಹರಾಜಪುರದಲ್ಲಿ ಬಾಡಿಗೆ ಕಾರು ಇಟ್ಟುಕೊಂಡಿದ್ದ. ಪೆಟ್ರೋಲು ಕೂಪನ್ನಿಗೆ ಅಳತೆಯಲ್ಲಿ ಮಾತ್ರ ಸಿಗುತ್ತಿದ್ದ ದಿನಗಳು. ಅಕ್ಕನಿಗಾಗಿ ಅವನು ಪ್ರತಿ ತಿಂಗಳೂ ಒಂದಿಷ್ಟು ಉಳಿಸಿ ಡಬ್ಬದಲ್ಲಿ ತುಂಬಿಡತೊಡಗಿದ. ಅವನು ಕೊಪ್ಪಕ್ಕೆ ಬಂದ ಸಂಜೆಗಳಲ್ಲಿ ಮೂವರೂ ಕೂತು ದಾರಿಯ ಲೆಕ್ಕ ಹಾಕುತ್ತಿದ್ದೆವು. ಶೃಂಗೇರಿಯಲ್ಲಿ ಅಮ್ಮನವರಿಗೆ ಕೈಮುಗಿದು ಆಗುಂಬೆ ಘಾಟಿ ಇಳಿಯುವುದು. ಮಲ್ಪೆಯಲ್ಲಿ ದೋಣಿ ಹಿಡಿದು ಅಲ್ಲಿಯ ದ್ವೀಪಗಳನ್ನು ನೋಡುವುದು. ಆಮೇಲೆ ಉತ್ತರಕ್ಕೆ, ಹೊಳೆ ಅಡ್ಡ ಬಂದಲ್ಲಿ ಕಾರನ್ನು ಜೋಡಿ ದೋಣಿಯ ಮೇಲೆ ದಾಟಿಸುತ್ತ, ರಸ್ತೆ ಇಲ್ಲದಲ್ಲಿ ಕಾರು ಬಿಟ್ಟು ಕಡಲ ದಂಡೆಯಲ್ಲೇ ನಡೆಯುತ್ತ ಗೋಕರ್ಣದವರೆಗೆ. ಒಮ್ಮೆ ಬಾಡಿಗೆಗೆಂದು ಮಲ್ಪೆಗೆ ಹೋಗಿ ಬಂದಿದ್ದ ಶಂಕರನೇ ನಮಗೆ ಪಂಡಿತ.

"ದ್ವೀಪದಲ್ಲಿ ಎಂತ ಇರ್ತದೋ?" ಎಂದು ಗಿರಿಜೆ ಕೇಳುವಳು.

"ಎಂತದೂ ಇಲ್ಲ ಮಾರಾಯ್ತಿ. ಬಂಡೆ, ನಾಲ್ಕು ತೆಂಗಿನಮರ. ಸುತ್ತ ನೀರು."

"ಅಷ್ಟಿದ್ರೆ ಸಾಕು. ಸುತ್ತ ಗುಡ್ಡ ನೋಡಿ ನೋಡಿ ನಂಗೆ ಉಸಿರು ಕಟ್ಟಿದೆ."

"ಆದ್ರೆ ಅಷ್ಟು ದೂರ ನಡಿಯಕ್ಕೆ ನಿಂಗೆ ಆಗ್ತದಾ ಅಕ್ಕ?"

"ನನ್ನ ಚಿಂತೆ ಬಿಡು. ನಿನ್ನ ಭಾವ ಬಚ್ಚಲಿಗೆ ಹೋಗಕ್ಕೂ ಚಪ್ಪಲಿ ಹುಡುಕೋರು. ಮೊದ್ಲು ಅವರನ್ನ ನಡೆಸು."

ನಗೆಯಲ್ಲೇ ಒಂದು ತೀರ್ಮಾನವಾಯಿತು. ಅವಳು ಒಂದು ಗುಡ್ಡ ಹತ್ತಿ ಇಳಿದು ತೋರಿಸಬೇಕು. ತೋರಿಸಿದರೆ ಶಿವರಾತ್ರಿ ಕಳೆದ ಮೇಲೆ ಹೊರಡುವುದು, ಆಗದಿದ್ದರೆ ಮಾತೇ ಇಲ್ಲ.

ಒಂದು ಭಾನುವಾರ ಊಟ ಮುಗಿಸಿ ಸೀತೂರಿನ ಕಡೆ ಹೋದೆವು. ರಸ್ತೆ ಬದಿಯ ನೆರಳಲ್ಲಿ ಶಂಕರ ಕಾರು ನಿಲ್ಲಿಸಿ ಅಲ್ಲೇ ಉಳಿದ. ನಾವಿಬ್ಬರು ಕಾಲುದಾರಿ ಹಿಡಿದು ಗುಡ್ಡ ಹತ್ತಿದೆವು. ಗುಡ್ಡ ದೊಡ್ಡದಲ್ಲ. ಗಿರಿಜೆ ನನಗಿಂತ ಮುಂದಿದ್ದಳು. ತುದಿಯಲ್ಲಿ ನಿಂತು, "ಈಗ ಹೇಳಿ, ಗೋಕರ್ಣ ಎಷ್ಟು ದೂರ?" ಎಂದಳು. ಕೆಳಗೆ ಕಾರಿನ ಛಾವಣಿ ಸ್ಪಷ್ಟವಾಗಿ ಕಾಣುತ್ತಿತ್ತು.

ಇಳಿಯತೊಡಗಿದೆವು. ಬುಡದಲ್ಲಿ ಕೊಡಲಿ ಏಟು ಬಿದ್ದಿದ್ದ ಒಂದು ಮತ್ತಿಮರ ದಾಟಿದೆವು. ಇನ್ನೇನು ರಸ್ತೆ ಬಂತು ಎನ್ನುವಾಗ ಎದುರಿಗೆ ಅದೇ ಮರ, ಅದೇ ಏಟು. ಕವಲಿನಲ್ಲಿ ತಪ್ಪಿದೆವು ಎಂದುಕೊಂಡು ಬೇರೆ ಕಡೆಯಿಂದ ಇಳಿದೆವು. ಮತ್ತೆ ಅದೇ ಮರ. ಶಂಕರ ಹಾರನ್ ಒತ್ತುವುದು ಕೇಳಿಸುತ್ತಿತ್ತು. ದಾರಿ ಬಿಟ್ಟು, ಮುಳ್ಳಿನಲ್ಲಿ ನುಗ್ಗಿ, ಆ ಸದ್ದಿಗೇ ನೇರವಾಗಿ ನಡೆದೆವು. ಸದ್ದು ಹತ್ತಿರವಾಗುತ್ತ ಬಂತು, ಇನ್ನೊಂದು ಪೊದೆಯಾಚೆ ಎನ್ನುವಷ್ಟು ಹತ್ತಿರ. ಪೊದೆ ಸರಿಸಿದರೆ ಮತ್ತಿಮರ. ಹಾರನ್ ಈಗ ಬೆನ್ನ ಹಿಂದಿನಿಂದ ಬರುತ್ತಿತ್ತು.

ಬಿಸಿಲು ಚೆನ್ನಾಗಿಯೇ ಇತ್ತು. ಹೆದರುವಂಥದ್ದು ಏನೂ ಕಾಣುತ್ತಿರಲಿಲ್ಲ. ಆದರೂ ನಾನು ಬೋನಿಗೆ ಬಿದ್ದ ಇಲಿಯ ಹಾಗೆ ಅತ್ತಿತ್ತ ತಿರುಗಿದೆ. ಕೂಗಿದೆ. ಶಂಕರ ಓಗೊಡಲಿಲ್ಲ. ಗಿರಿಜೆಯ ಮುಖ ಬಿಳಿಚಿತ್ತು. ತುಟಿ ಒಣಗಿ, ನಿಂತಲ್ಲೇ ತೂಗುತ್ತಿದ್ದಳು.

"ಮರುಳು ಬಳ್ಳಿ ದಾಟಿದೀವಿ ರೀ. ಅಂಗಿ ತಿರುಗಿಸಿ ಹಾಕಿಕೊಳ್ಳಿ," ಎಂದಳು.

ನಮ್ಮ ಕಡೆಯ ನಂಬಿಕೆ ಅದು. ಕಾಡಿನಲ್ಲಿ ಯಾವುದೋ ಒಂದು ಬಳ್ಳಿ ಇದೆಯಂತೆ, ಅದನ್ನು ದಾಟಿದವರಿಗೆ ದಾರಿ ತಪ್ಪುತ್ತದಂತೆ, ಉಟ್ಟ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡರೆ ಬಿಡುತ್ತದಂತೆ. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ಅಂದು ಅಂಗಿ ಕಳಚಿ ತಿರುಗಿಸಿ ತೊಟ್ಟೆ.

"ನೀನು?"

"ಚೆನ್ನಾಗಿ ಹೇಳ್ತೀರಿ! ನಡು ಕಾಡಲ್ಲಿ ಸೀರೆ ಬಿಚ್ಲಾ?" ಎಂದು ಅಷ್ಟು ಆಯಾಸದಲ್ಲೂ ನಕ್ಕಳು. ಸೆರಗನ್ನು ಮಾತ್ರ ಮಗುಚಿ ಹೊದ್ದುಕೊಂಡಳು.

ಸ್ವಲ್ಪ ನಡೆಯುವಷ್ಟರಲ್ಲಿ ರಸ್ತೆ ಕಾಲಿಗೆ ಸಿಕ್ಕಿತು. ಕಾರು ಎದುರಿಗೇ ಇತ್ತು.

ಶಂಕರ ನನ್ನನ್ನು ನೋಡಿ ಎದ್ದ. "ಎಲ್ಲಿ ಹೋಗಿದ್ರಿ ಭಾವ, ಎಷ್ಟು ಹೊತ್ತು ಹಾರನ್..." ಎಂದವನು, ನನ್ನ ಹಿಂದೆ ಬಂದ ಗಿರಿಜೆಯನ್ನು ಕಂಡು ಮಾತು ನಿಲ್ಲಿಸಿದ. ತಿರುಗಿ ಕಾರಿನ ಹಿಂದಿನ ಸೀಟು ನೋಡಿದ. ಮತ್ತೆ ಅವಳನ್ನು ನೋಡಿದ.

"ನೀನು ಕಾರಿಂದ ಯಾವಾಗ ಇಳಿದೆ ಅಕ್ಕ?"

ಅವನು ಹೇಳಿದ್ದು ಇಷ್ಟು. ಅಕ್ಕ ಬಹಳ ಹೊತ್ತಿನ ಮೊದಲೇ ಒಬ್ಬಳೇ ಗುಡ್ಡ ಇಳಿದು ಬಂದಿದ್ದಳು. ಹಿಂದಿನ ಸೀಟಿನಲ್ಲಿ ಕೂತು ನೀರು ಕೇಳಿದಳು. ಇವನು ಲೋಟದಲ್ಲಿ ಕೊಟ್ಟ. ಭಾವ ಎಲ್ಲಿ ಎಂದರೆ, "ಅವರು ಬರಲ್ಲ. ಹೊರಡು, ನಾವು ಸಮುದ್ರಕ್ಕೆ ಹೋಗೋಣ," ಎಂದಳು. ತಮಾಷೆ ಎಂದುಕೊಂಡು ಇವನು ನಕ್ಕ. ಅವಳು ನಗಲಿಲ್ಲ. ಹೊರಡು ಎಂದು ಮತ್ತೆ ಹೇಳಿ, ಕಣ್ಣು ಮುಚ್ಚಿ ಒರಗಿದಳು. ಇವನು ನನ್ನನ್ನು ಕರೆಯಲು ಹಾರನ್ ಒತ್ತುತ್ತಲೇ ಇದ್ದ.

ಲೋಟ ಸೀಟಿನ ಮೇಲಿತ್ತು, ತಳದಲ್ಲಿ ಇನ್ನೂ ಸ್ವಲ್ಪ ನೀರು. ತೂಕಡಿಕೆಯಲ್ಲಿ ಕನಸು ಕಂಡಿರಬೇಕು, ನೀರು ತಾನೇ ಕುಡಿದಿರಬೇಕು ಎಂದು ನಾನು ಹೇಳಿದೆ. ಶಂಕರ ಲೋಟ ಎತ್ತಿ ಉಳಿದ ನೀರನ್ನು ರಸ್ತೆಗೆ ಚೆಲ್ಲಿದ. ಗಿರಿಜೆ ಆ ಸೀಟಿನಲ್ಲಿ ಕೂರಲು ಒಪ್ಪದೆ ಮುಂದೆ ಕೂತಳು.

ಅಂದೇ ಅವಳಿಗೆ ಜ್ವರ ಬಂತು. ಶಿವರಾತ್ರಿ ಬಂದು ಹೋಯಿತು. ಮೈ ಸುಧಾರಿಸಲಿ ಎಂದು ನಾನು, ಮಳೆ ಹಿಡಿಯುವ ಮೊದಲು ಹೊರಡೋಣ ಎಂದು ಅವಳು. ಹೀಗೆ ದಿನ ಸರಿದವು. ಆಷಾಢದಲ್ಲಿ ತೀರಿಕೊಂಡಳು. ಸಮುದ್ರ ನೋಡಲಿಲ್ಲ.

ಶಂಕರ ಈಗಲೂ ಬರುತ್ತಾನೆ. ಆ ಮಧ್ಯಾಹ್ನದ ಮಾತನ್ನು ನಾವು ಎತ್ತುವುದಿಲ್ಲ. ಒಮ್ಮೆ ಮಾತ್ರ ಊಟಕ್ಕೆ ಕೂತವನು ಕಲಸಿದ ಅನ್ನ ಹಾಗೇ ಬಿಟ್ಟು, "ಭಾವ, ಅವತ್ತು ಅವಳು ಹೇಳಿದ ಹಾಗೆ ನಾನು ಹೊರಟುಬಿಟ್ಟಿದ್ರೆ?" ಎಂದ. ನಾನು ಅವನ ಎಲೆಗೆ ಮಜ್ಜಿಗೆ ಬಡಿಸಿದೆ. ನನ್ನೊಡನೆ ಗುಡ್ಡ ಇಳಿದವಳು, ಆಮೇಲೆ ಅಷ್ಟು ದಿನ ಈ ಮನೆಯಲ್ಲಿದ್ದು ಜ್ವರದಲ್ಲಿ ನನ್ನನ್ನು ಕೂಗುತ್ತಿದ್ದವಳು ಗಿರಿಜೆಯೇ. ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕಾರಿನಲ್ಲಿ ಕೂತು ಹೊರಡು ಎಂದವಳು ಗಿರಿಜೆಯಲ್ಲ ಎನ್ನುವುದಕ್ಕೂ ನನ್ನಿಂದ ಆಗುವುದಿಲ್ಲ.