ಕೆಂಪು ರೆಕ್ಸಿನ್ ತೊಟ್ಟ ಕಾದಂಬರಿ

ಆ ಹಿರಿಯ ತಾಯಿ ಸೆರಗಿನಿಂದ ಒರೆಸಿ ಕೈಗಿತ್ತ ಪುಸ್ತಕವನ್ನು ಎರಡೆರಡು ಸಲ ತಿರುಗಿಸಿ ನೋಡಿದೆ. ಹಿಂದಿನ ವಾರ ಅವರು ಮೊಬೈಲಿಗೆ ಕಳಿಸಿದ್ದ ಫೋಟೊದಲ್ಲಿ ಅದಕ್ಕೆ ಅಂಚು ಹರಿದ ಹಳದಿ ಕಾಗದದ ಹೊದಿಕೆಯಿತ್ತು. ಅಮೆರಿಕದ ಕಾದಂಬರಿಯೊಂದರ ಮೊದಲ ಮುದ್ರಣ ಅದು. ಹಳೆಯ ಪುಸ್ತಕ ಕೊಂಡು ಮಾರುವ ನನ್ನಂಥವರಿಗೆ ಆ ಮೂಲ ಹೊದಿಕೆಯೇ ಜೀವ, ಬೆಲೆಯೆಲ್ಲ ಅದಕ್ಕೇ. ಅದಕ್ಕಾಗಿಯೇ ಸಿಕಂದರಾಬಾದಿನಿಂದ ನಾಚಾರಂನ ಅವರ ಮನೆಗೆ ಓಡಿಬಂದಿದ್ದೆ. ಈಗ ನೋಡಿದರೆ ಹಾಳೆಗಳ ಅಂಚು ಕತ್ತರಿಸಿ, ಕೆಂಪು ರೆಕ್ಸಿನ್ ರಟ್ಟು ಹಾಕಿಸಿ, ಅದರ ಮೇಲೆ ತೀರಿಕೊಂಡ ತಮ್ಮ ಯಜಮಾನರ ಹೆಸರನ್ನು ಬಂಗಾರದ ಬಣ್ಣದಲ್ಲಿ ಬರೆಸಿದ್ದರು.

“ನಮ್ಮ ಮನಿಯವರು ಭಾಳ ಜ್ವಾಕಿಲೆ ಇಟ್ಟಿದ್ರು. ಹರಕ ಪುಸ್ತಕ ಮಂದಿ ಕೈಯಾಗ ಹ್ಯಾಂಗ ಕೊಡೂದ್ರಿ? ಆ ಹಳೇ ಕಾಗದ ಕಸದ ಗಾಡಿಗೆ ಹಾಕಿ, ಬೈಂಡ್ ಮಾಡಿಸಿದೆ. ಚಲೋ ಆಗೇತಲ್ರಿ?”

“ಭಾಳ ಚಲೋ ಆಗೇತ್ರಿ, ಅಮ್ಮಾರ” ಎಂದೆ. ಮಾತಾಡಿಕೊಂಡಿದ್ದ ಬೆಲೆಗೇ ಕೊಂಡೆ.

ಮಾರಲಾಗದ ಆ ಪುಸ್ತಕ ನನ್ನ ಕಪಾಟಿನಲ್ಲೇ ಉಳಿದಿದೆ. ‘ಹ್ಯಾಂಗ ಐತಿ ಹಂಗ ಇರಲಿ’ ಎಂದು ಫೋನಿನಲ್ಲೇ ಒಂದು ಮಾತು ಹೇಳಬಹುದಿತ್ತು. ಈಗ ಹಳೆಯ ಪುಸ್ತಕವಿದೆ ಎಂದು ಯಾರು ಕರೆದರೂ, ನಮಸ್ಕಾರಕ್ಕಿಂತ ಮೊದಲು ಅದೇ ಮಾತು ಬಾಯಿಗೆ ಬರುತ್ತದೆ.