ಓಡಿಹೋಗಲಿ ಎಂದು ತಟ್ಟೆ ಬಡಿಯುವವರು

ಬೆಳಗಿನ ಐದೂವರೆ. ಅತ್ತಿಮರದ ಬುಡದಲ್ಲಿ ನಿಂತು ಮಂಗಣ್ಣ ಅಲ್ಯೂಮಿನಿಯಂ ತಟ್ಟೆಯನ್ನು ಚಮಚದಿಂದ ಬಡಿಯುತ್ತಾರೆ. ಕಿವಿ ಹರಿದ ಪುಟ್ಟ ಕೋತಿಯೊಂದು ಓಡಿಹೋಗುವುದು ಬಿಟ್ಟು ಕೆಳಗಿಳಿದು, ಇದೇನಪ್ಪಾ ಹೊಸ ಆಟ ಎಂಬಂತೆ ಕತ್ತು ವಾಲಿಸಿ ನೋಡುತ್ತದೆ. ಅವರು ಮುಖ ತಿರುಗಿಸಿಕೊಳ್ಳುತ್ತಾರೆ.

ಹದಿನಾಲ್ಕು ವರ್ಷ ಕೋತಿಗಳ ಬೆನ್ನು ಹತ್ತಿದವರಿಗೆ ಊರು ಇನ್ನೇನು ಹೆಸರಿಟ್ಟೀತು? ಸಂಶೋಧಕರು ಬಂದರು, ಪ್ರಬಂಧ ಬರೆದರು, ಪದವಿ ಹಿಡಿದು ಹೊರಟರು. ಕಾಡಲ್ಲಿ ಕೂತು ನೋಡಿದ್ದೆಲ್ಲ ಮಂಗಣ್ಣ. ಯಾವುದು ತಿನ್ನುತ್ತಿದೆ, ಯಾವುದು ಯಾವುದರ ಹೇನು ಹೆಕ್ಕುತ್ತಿದೆ ಎಂದು ಹತ್ತು ನಿಮಿಷಕ್ಕೊಮ್ಮೆ, ದಿನಕ್ಕೆ ಎಪ್ಪತ್ತು ಸಲ ಪುಸ್ತಕದಲ್ಲಿ ಬರೆಯಬೇಕು. ಮೇಲೆ ನೋಡಿ ನೋಡಿ ಕತ್ತು ಸೆಟೆದುಕೊಂಡಿದೆ. ಆ ಕಣ್ಣು ಮನೆ ಕಡೆಗೂ ಸ್ವಲ್ಪ ಹಾಯಿಸಿ ಎಂದು ಹೆಂಡತಿ ಕಿಚಾಯಿಸುತ್ತಿದ್ದರು. ಈಗ ಆಕೆ ಆ ಮಾತೆತ್ತುವುದಿಲ್ಲ.

ಮನುಷ್ಯನನ್ನು ಕಂಡೊಡನೆ ಕೋತಿ ಪರಾರಿಯಾದರೆ ಬರೆಯುವುದೇನು, ಮಣ್ಣು? ಅದಕ್ಕೇ ಮೊದಲು ಭಯ ಬಿಡಿಸಬೇಕು. ಅದೇ ಮಾಸಲು ಅಂಗಿ, ಅದೇ ಸಿಳ್ಳೆ. ಎರಡು ವರ್ಷ ಮಂಗಣ್ಣ ಸುಮ್ಮನೆ ಬಂದು ಕೂತರು. ಹನ್ನೊಂದು ಕೋತಿಗಳು ನಿಧಾನವಾಗಿ ನಂಬಿದವು. ಕಳೆದ ವರ್ಷ ಅವರು ಜ್ವರದಲ್ಲಿ ಮಲಗಿದ್ದಾಗ ಯಾರೋ ಚೀಲ ಹಿಡಿದು ಬಂದು ಅದೇ ಸಿಳ್ಳೆ ಹಾಕಿದರು. ಸೌದೆಗೆ ಹೋಗಿದ್ದ ನಾದಿನಿ ದೂರದಿಂದ ಕೇಳಿ, ಸದ್ಯ, ಭಾವ ಎದ್ದು ಓಡಾಡುತ್ತಿದ್ದಾರೆ ಎಂದುಕೊಂಡಳಂತೆ. ಬಲೆ ಕೂಡ ಬೇಕಾಗಲಿಲ್ಲ. ಹತ್ತು ಕೋತಿಗಳು ತಾವಾಗಿಯೇ ಇಳಿದು ಬಂದು ಸಿಕ್ಕಿಬಿದ್ದವು. ಎಲ್ಲಿ ಮಾರಾಟವಾದವೋ, ಇಂದಿಗೂ ಪತ್ತೆಯಿಲ್ಲ.

"ಹಿಡ್ಕೊಂಡು ಹೋದೋನು ಯಾರೋ ಗೊತ್ತಿಲ್ಲ. ಆದ್ರೆ ಮನುಷ್ಯರನ್ನ ನಂಬಿ ಅಂತ ಅವಕ್ಕೆ ಕಲಿಸಿದೋನು ನಾನೇ ತಾನೆ?" ಎನ್ನುತ್ತಾರೆ ಮಂಗಣ್ಣ.

ಉಳಿದದ್ದು ಈ ಹರಕುಕಿವಿ ಒಂದೇ. ಹಳ್ಳದಾಚೆ ಇನ್ನೊಂದು ಗುಂಪಿದೆ; ಹೆದರಿ ಅತ್ತ ಸೇರಿಕೊಂಡರೆ ಬದುಕೀತು. ಇಲ್ಲೇ ಇದ್ದರೆ ಚೀಲದವನು ಮತ್ತೆ ಬರುತ್ತಾನೆ. ಅದಕ್ಕೇ ಈ ತಟ್ಟೆ, ಈ ಗದ್ದಲ. ಬಳಗ ಕಳೆದುಕೊಂಡ ಅದಕ್ಕೋ, ಮಂಗಣ್ಣನನ್ನು ಬಿಟ್ಟರೆ ಇನ್ನಾರೂ ಇಲ್ಲ.

ಮಂಗಣ್ಣ ಮಣ್ಣಿನ ಹೆಂಟೆ ಎತ್ತಿಕೊಳ್ಳುತ್ತಾರೆ. ಬೇಕೆಂದೇ ಗುರಿ ತಪ್ಪಿಸಿ ಎಸೆಯುತ್ತಾರೆ. ಹರಕುಕಿವಿ ಹೋಗಿ ಹೆಂಟೆಯನ್ನು ಮೂಸಿ ನೋಡಿ, ಮತ್ತೆ ಅವರ ಹತ್ತಿರಕ್ಕೇ ಬಂದು ಕೂರುತ್ತದೆ.

"ಒಂದಿನ ನನ್ನ ಕಂಡು ಅದು ತಿರುಗಿ ನೋಡ್ದೆ ಓಡ್ಬೇಕು," ಎನ್ನುತ್ತಾರೆ, ಕಣ್ಣೊರೆಸಿಕೊಂಡು. "ಅದೊಂದನ್ನ ಬರೆದು ಪುಸ್ತಕ ಮುಚ್ಚಿಬಿಡ್ತೀನಿ."